ಅಂಚು ದಾಟಿದ ಗೆರೆ

“ಗುರುಗಳೇ, ಇಲ್ಲಿಗೆ ಬಂದ ಹೊಸದರಲ್ಲಿ ಧ್ಯಾನಕ್ಕೆ ಕೂತರೆ ಮೈಯೆಲ್ಲ ಬೆಳಕಾದಂತೆ ಇರುತ್ತಿತ್ತು. ಈಗ ಒಂದಿಷ್ಟು ನೆಮ್ಮದಿ ಬರುತ್ತದೆ, ಹೋಗುತ್ತದೆ. ಆ ದಿನಗಳು ಮತ್ತೆ ಬರುತ್ತವೆಯೇ?” ಎಂದು ಶಿಷ್ಯ ಕೇಳಿದ.

“ಕೂತುಕೋ,” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಖಗೋಳ ವಿಜ್ಞಾನಿ ಇದ್ದ. ಒಂದು ಜೋಡಿ ನಕ್ಷತ್ರವನ್ನು ಕಾಯುವುದು ಅವನ ಕೆಲಸ. ಜೋಡಿಯಲ್ಲಿ ಒಂದು ಸಾಧಾರಣ ನಕ್ಷತ್ರ. ಇನ್ನೊಂದು ಉರಿದು ಮುಗಿದು, ಒಂದು ಊರಿನಷ್ಟಕ್ಕೆ ಕುಗ್ಗಿದ ನ್ಯೂಟ್ರಾನ್ ನಕ್ಷತ್ರ. ಅದು ಜೊತೆಗಾರನ ಅನಿಲವನ್ನು ಸೆಳೆದು ತನ್ನ ಸುತ್ತ ಸೇರಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಸುಮ್ಮನಿರುತ್ತದೆ. ಸೇರಿದ್ದು ಒಮ್ಮೆಗೇ ಮೈಮೇಲೆ ಸುರಿದಾಗ ಎಕ್ಸ್-ರೇಯಲ್ಲಿ ಉರಿದೇಳುತ್ತದೆ. ಕೆಲವು ವಾರಗಳಲ್ಲಿ ಆರುತ್ತದೆ. ಆ ಕಿರಣ ನೆಲದವರೆಗೆ ಇಳಿಯುವುದಿಲ್ಲ. ಉಪಗ್ರಹದಿಂದಲೇ ನೋಡಬೇಕು.

ಹರೆಯದಲ್ಲಿ ಅವನು ಅದನ್ನು ಒಮ್ಮೆ ಕಂಡಿದ್ದ. ಜೊತೆಗೆ ಒಬ್ಬ ಗೆಳೆಯನಿದ್ದ. ಆಗ ಉಪಗ್ರಹ ಕಳಿಸಿದ್ದನ್ನು ಲೇಖನಿಯೊಂದು ಕಾಗದದ ಸುರುಳಿಯ ಮೇಲೆ ಗೀಚುತ್ತಿತ್ತು. ಗೆರೆ ಏರಿತು, ಏರಿತು, ಅಂಚು ದಾಟಿ ಕೆಳಗಿನ ತಗಡಿನ ಮೇಲೆ ಹರಿಯಿತು. ಗೆಳೆಯರು ಬುತ್ತಿಯ ಅನ್ನದ ಅಗುಳು ಹಚ್ಚಿ ಪಕ್ಕಕ್ಕೆ ಇನ್ನೊಂದು ಹಾಳೆ ಅಂಟಿಸಿದರು. ಅಂದು ಇಬ್ಬರೂ ಊಟ ಮಾಡಲಿಲ್ಲ. ಹಸಿವೂ ಆಗಲಿಲ್ಲ.

ನಕ್ಷತ್ರ ಮಲಗಿತು. ಗೆಳೆಯ ಬೇರೆ ಊರಿಗೆ ಹೋದ. ವಿಜ್ಞಾನಿಯ ತಲೆ ನರೆಯಿತು. ಆಮೇಲೆ ಹಾರಿಸಿದ ಹೊಸ ಉಪಗ್ರಹವೂ ಹಳತಾಗಿ, ಇದೇ ಅದರ ಕೊನೆಯ ವರ್ಷ ಎಂದಾಯಿತು. ಅದನ್ನು ಒಂದೇ ಒಂದು ಸಲ ತನಗೆ ಬೇಕಾದ ಕಡೆ ತಿರುಗಿಸಿಕೊಳ್ಳಲು ಅವನಿಗೆ ಒಪ್ಪಿಗೆ ಸಿಕ್ಕಿತ್ತು. ಆ ಉರಿಯನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕು. ಅವನಿಗಿದ್ದದ್ದು ಅದೊಂದೇ ಆಸೆ.

ಆ ವರ್ಷ ನಕ್ಷತ್ರ ಎದ್ದಿತು. ಆಕಾಶವನ್ನೆಲ್ಲ ಸುತ್ತಿ ನೋಡುವ ಬೇರೊಂದು ಉಪಗ್ರಹ ಸುದ್ದಿ ಕೊಟ್ಟಿತು. ಸುದ್ದಿ ಕೇಳಿ ಗೆಳೆಯ ಬಸ್ಸು ಹಿಡಿದು ಬಂದ.

“ತಿರುಗಿಸಯ್ಯಾ, ಇನ್ನೇನು ನೋಡ್ತೀಯ?” ಎಂದ.

ಸುದ್ದಿ ಕೊಟ್ಟ ಉಪಗ್ರಹದ ಗೆರೆ ಮೂಡುತ್ತಿದ್ದ ಪರದೆಯನ್ನು ವಿಜ್ಞಾನಿ ತೋರಿಸಿದ. “ಇದು ಯಾವ ಲೆಕ್ಕ? ಅವತ್ತು ಗೆರೆ ಕಾಗದ ಬಿಟ್ಟೇ ಹೋಗಿತ್ತು. ಇದು ಅರ್ಧ ಪರದೆಗೂ ಬಂದಿಲ್ಲ. ಅಂಥದ್ದು ಬರಲಿ, ಆಗ ತಿರುಗಿಸೋಣ.”

“ಅವತ್ತು ನಮ್ಮ ಹತ್ರ ಇದ್ದದ್ದು ಗೇಣಗಲದ ಕಾಗದ ಕಣಯ್ಯಾ. ಇದೂ ಅಷ್ಟೇ ಉರೀತಿದೆ.”

“ನಿನಗೆ ವಯಸ್ಸಾಯ್ತು. ಮರೆತಿದ್ದೀಯ.”

“ನನಗೊಬ್ಬನಿಗೇ ಆಯ್ತಾ?”

ಗೆಳೆಯ ಹೋಗದೆ ಉಳಿದ. ದಿನವೂ ಹೇಳಿದ. ದಿನವೂ ವಿಜ್ಞಾನಿ, ನಾಳೆ ಏರುತ್ತದೆ ಎಂದ. ಒಂದು ಬೆಳಿಗ್ಗೆ ನೋಡಿದರೆ ಗೆರೆ ಇಳಿಯತೊಡಗಿತ್ತು. ಆಗಲೂ ಅವನು ತಿರುಗಿಸಲಿಲ್ಲ. ಇಳಿಯುವುದನ್ನು ಏನು ನೋಡುವುದು ಎಂದ. ಗೆಳೆಯ ಚೀಲ ಹೆಗಲಿಗೆ ಹಾಕಿಕೊಂಡು ಊರಿಗೆ ಹೊರಟ. ಮಳೆಗಾಲ ಮುಗಿಯುವ ಮೊದಲೇ, ತಿರುಗಿಸದೆ ಉಳಿದ ಆ ಉಪಗ್ರಹದ ಸದ್ದಡಗಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಆ ನಕ್ಷತ್ರ ಆಮೇಲೆ ಏಳಲೇ ಇಲ್ಲವೇ?”

“ಎದ್ದಿತು, ಇನ್ನೂ ಸಣ್ಣಗೆ. ಅದನ್ನೇ ಮೊದಲ ಸಲ ಕಂಡ ಹುಡುಗರು ಅಂಥದ್ದು ಮತ್ತೆ ಬರಲಾರದು ಎಂದು ಇಂದಿಗೂ ಕೊರಗುತ್ತಾರೆ.”

ಶಿಷ್ಯ ಎದ್ದು ಹೋಗಿ ಧ್ಯಾನಕ್ಕೆ ಕೂತ.