ಕೆಂಪು ರೆಗ್ಯುಲೇಟರ್

"ಗುರುಗಳೇ, ನನಗೆ ಈಗ ಕೋಪವೇ ಬರುವುದಿಲ್ಲ. ಕಣ್ಣೆದುರು ತಪ್ಪು ನಡೆದರೆ ಒಂದು ಮಾತು ಹೇಳುತ್ತೇನೆ, ಆಮೇಲೆ ಸುಮ್ಮನಾಗುತ್ತೇನೆ. ಮನಸ್ಸು ಕದಡುವುದಿಲ್ಲ. ನಾನು ಕೋಪವನ್ನು ಗೆದ್ದಿದ್ದೇನೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳ ಹುಬ್ಬು ಗಂಟಿಕ್ಕಿತು. "ಅದು ಗೆಲುವೆಂದು ನಿನಗೆ ಯಾರು ಹೇಳಿದರು? ಕುಳಿತುಕೋ" ಎಂದರು. ಅವರ ದನಿ ಎಂದಿನಂತಿರಲಿಲ್ಲ. ಶಿಷ್ಯ ಕುಳಿತ. ಅವರು ಹೇಳತೊಡಗಿದರು.

ಒಂದು ಪಟ್ಟಣದ ಹೊರಗೆ ಪೇಂಟ್‌ಬಾಲ್ ಆಡುವ ಮೈದಾನವಿತ್ತು. ಎರಡು ತಂಡದವರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಹಲಗೆಗಳ ಮರೆಯಲ್ಲಿ ಅಡಗಿ, ಒಬ್ಬರ ಮೇಲೊಬ್ಬರು ಬಣ್ಣ ತುಂಬಿದ ಗುಂಡು ಹೊಡೆಯುವ ಆಟ ಅದು. ಹೊಡೆಯುವ ಬಂದೂಕಿಗೆ ಮಾರ್ಕರ್ ಎನ್ನುತ್ತಾರೆ. ಅದರಲ್ಲಿ ಮದ್ದಿಲ್ಲ, ಗುಂಡನ್ನು ತಳ್ಳುವುದು ಗಾಳಿ. ಮಾರ್ಕರಿನ ಹಿಂದೆ ಒಂದು ಪುಟ್ಟ ಸಿಲಿಂಡರ್ ಇರುತ್ತದೆ. ಲಾರಿಯ ಚಕ್ರದಲ್ಲಿರುವುದಕ್ಕಿಂತ ಇಪ್ಪತ್ತು ಮೂವತ್ತು ಪಟ್ಟು ಹೆಚ್ಚು ಒತ್ತಡದಲ್ಲಿ ಅದರೊಳಗೆ ಗಾಳಿ ತುಂಬಿರುತ್ತಾರೆ. ಸಿಲಿಂಡರಿನ ಬಾಯಿಗೆ ಕೂರಿಸಿದ ರೆಗ್ಯುಲೇಟರ್ ಆ ಒತ್ತಡವನ್ನು ತಗ್ಗಿಸಿ, ಬೇಕಾದಷ್ಟನ್ನು ಮಾತ್ರ ಮಾರ್ಕರಿಗೆ ಬಿಡುತ್ತದೆ. ಅದು ಕೆಟ್ಟರೆ ಆಟ ಆಟವಾಗಿ ಉಳಿಯುವುದಿಲ್ಲ.

ಆ ಮೈದಾನದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೈಗುಣ ಒಳ್ಳೆಯದು. ಸಿಟ್ಟು ಎಂಬುದನ್ನು ಅವನ ಮುಖದಲ್ಲಿ ಯಾರೂ ಕಂಡಿರಲಿಲ್ಲ. ಯಾರಾದರೂ ಬೈದರೆ ನಗುತ್ತಿದ್ದ. "ಇವನೊಬ್ಬ ಸಂತ" ಎಂದು ಜೊತೆಯವರು ಹೇಳುತ್ತಿದ್ದರು. ಆ ಮಾತು ಅವನಿಗೆ ಇಷ್ಟವಾಗಿತ್ತು.

ಹಳೆಯ ರೆಗ್ಯುಲೇಟರುಗಳು ಸವೆದು ಗಾಳಿ ಸೋರತೊಡಗಿದವು. ಹನ್ನೆರಡು ಹೊಸವು ಬೇಕಾದವು. ಯಜಮಾನ ಎರಡು ಬಗೆಯವನ್ನು ತರಿಸಿದ. ಕಪ್ಪು ಮಾದರಿಗೆಂದು ಒಂದು, ಕೆಂಪು ಒಂದು ಪೆಟ್ಟಿಗೆ ತುಂಬ. "ಯಾವುದು ಒಳ್ಳೆಯದು, ನೋಡಿ ಹೇಳು" ಎಂದು ಮೆಕ್ಯಾನಿಕ್‌ಗೆ ಕೊಟ್ಟ. ಅದು ಬುಧವಾರ.

ಮೆಕ್ಯಾನಿಕ್ ಎರಡು ಬಗೆಯಲ್ಲೂ ಒಂದೊಂದನ್ನು ಸಿಲಿಂಡರಿಗೆ ಕೂರಿಸಿ, ಒತ್ತಡ ಅಳೆಯುವ ಮೀಟರ್ ಹಚ್ಚಿದ. ಎರಡರ ಮುಳ್ಳೂ ಒಂದೇ ಗುರುತಿನಲ್ಲಿ ನಿಂತವು. ಸತತವಾಗಿ ಇಪ್ಪತ್ತು ಗುಂಡು ಹೊಡೆದು ನೋಡಿದ. ವ್ಯತ್ಯಾಸವಿರಲಿಲ್ಲ. ಎರಡನ್ನೂ ಹಾಗೆಯೇ ಬಿಟ್ಟು ಚಹಾ ಕುಡಿಯಲು ಹೋದ. ಮರಳಿ ಬಂದಾಗ ಕಪ್ಪು ರೆಗ್ಯುಲೇಟರಿನ ಮುಳ್ಳು ಇದ್ದಲ್ಲಿಯೇ ಇತ್ತು. ಕೆಂಪಿನ ಮುಳ್ಳು ಮೇಲೇರಿತ್ತು. ಒಳಗಿನ ತಡೆ ಸರಿಯಾಗಿ ಮುಚ್ಚಿಕೊಳ್ಳದೆ, ಗಾಳಿ ಎಳೆಎಳೆಯಾಗಿ ನುಗ್ಗಿ ಬಂದು ಸೇರಿಕೊಂಡಿತ್ತು. ಅದರಿಂದ ಒಂದು ಗುಂಡು ಹೊಡೆದು ವೇಗ ಅಳೆದ. ಆಟಕ್ಕೆ ಗೊತ್ತುಮಾಡಿದ ಮಿತಿಗಿಂತ ಬಹಳ ಹೆಚ್ಚಿತ್ತು. ಎರಡನೆಯ ಗುಂಡು ಮಿತಿಯೊಳಗೆ ಬಂತು. ಪೆಟ್ಟಿಗೆಯಿಂದ ಇನ್ನೆರಡು ಕೆಂಪು ರೆಗ್ಯುಲೇಟರುಗಳನ್ನು ತೆಗೆದು ಹಚ್ಚಿ ನೋಡಿದ. ಅವೂ ಹಾಗೆಯೇ.

ಅವನಿಗೆ ಎಲ್ಲವೂ ಅರ್ಥವಾಯಿತು. ಆಟಗಾರ ಹಲಗೆಯ ಹಿಂದೆ ಐದಾರು ನಿಮಿಷ ಕಾಯುತ್ತಾನೆ. ಎದುರಾಳಿ ತಲೆ ಹಾಕಿದೊಡನೆ ಹೊಡೆಯುತ್ತಾನೆ. ಅವನ ಮೊದಲನೆಯ ಗುಂಡೇ ಹೆಚ್ಚು ಅಪಾಯದ್ದು.

ಯಜಮಾನನ ಬಳಿಗೆ ಹೋಗಿ, "ಸಾರ್, ಕೆಂಪು ಬೇಡ. ಸ್ವಲ್ಪ ಹೊತ್ತು ಬಿಟ್ಟರೆ ಒತ್ತಡ ಏರುತ್ತದೆ. ಮೊದಲನೇ ಗುಂಡು ಜೋರಾಗಿ ಹೋಗುತ್ತದೆ" ಎಂದ.

"ಹೋಗಲಿ ಬಿಡು. ಆಡೋರಿಗೆ ಜೋರಾಗಿ ಹೋದರೇನೇ ಖುಷಿ" ಎಂದ ಯಜಮಾನ. "ನಮ್ಮ ಮೈದಾನದ ಬಣ್ಣವೂ ಕೆಂಪೇ. ಅದೂ ಅಲ್ಲದೆ ಅದನ್ನು ಮಾರುವವನು ನನ್ನ ಭಾವ. ಅವನಿಗೆ ಆಗಲೇ ಹೂಂ ಅಂದಾಗಿದೆ."

"ನಿಮ್ಮಿಷ್ಟ ಸಾರ್" ಎಂದು ಮೆಕ್ಯಾನಿಕ್ ನಕ್ಕ. ಹಿಂದಿರುಗಿ ಹನ್ನೆರಡು ಕೆಂಪು ರೆಗ್ಯುಲೇಟರುಗಳನ್ನು ತನ್ನ ಕೈಯಿಂದಲೇ ಹನ್ನೆರಡು ಸಿಲಿಂಡರುಗಳಿಗೆ ಬಿಗಿದ. ಹೇಳುವುದು ತನ್ನ ಕೆಲಸ, ಹೇಳಿಯಾಯಿತು ಎಂದುಕೊಂಡ. ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದ.

ಆಟಕ್ಕೆ ಮುಂಚೆ ಪ್ರತಿ ಮಾರ್ಕರಿನ ವೇಗ ಅಳೆಯುವುದು ಆ ಮೈದಾನದ ನಿಯಮ. ಅಳೆಯುವವನೂ ಅವನೇ. ಗುರುವಾರದಿಂದ ಅವನೊಂದು ಉಪಾಯ ಕಂಡುಕೊಂಡ. ಮೊದಲು ಎರಡು ಗುಂಡು ನೆಲಕ್ಕೆ ಹೊಡೆಯುತ್ತಿದ್ದ, ಮೂರನೆಯದನ್ನು ಅಳೆಯುತ್ತಿದ್ದ. ಅಂಕಿ ಸರಿಯಾಗಿ ಬರುತ್ತಿತ್ತು. ಸೂಚನಾಫಲಕದ ಮೇಲೆ 'ಪರೀಕ್ಷಿಸಲಾಗಿದೆ' ಎಂದು ಬರೆಯುತ್ತಿದ್ದ. ಸುಳ್ಳೆಂದು ಅವನಿಗೆ ಅನಿಸಲಿಲ್ಲ. ಅಳೆದದ್ದಂತೂ ನಿಜವಲ್ಲವೇ?

ಭಾನುವಾರ ಒಂದು ಶಾಲೆಯ ಶಿಕ್ಷಕರೆಲ್ಲ ಸೇರಿ ಆಡಲು ಬಂದರು. ಅವರಲ್ಲಿ ಕನ್ನಡ ಕಲಿಸುವ ಶಿಕ್ಷಕಿಯೊಬ್ಬಳಿದ್ದಳು. ಆಟ ನಡೆಯುತ್ತಿದ್ದಾಗ ಅವಳು ಒಂದು ಪೀಪಾಯಿಯನ್ನು ಸುತ್ತಿ ಮುಂದೆ ಬಂದಳು. ಅದರಾಚೆ ಅವಳ ಸಹೋದ್ಯೋಗಿ ಬಹಳ ಹೊತ್ತಿನಿಂದ ಕಾದು ಕುಳಿತಿದ್ದ. ಅವನು ನಗುತ್ತಲೇ ಹೊಡೆದ. ಗುಂಡು ಮಾಸ್ಕಿನ ಕೆಳಗೆ, ಗಂಟಲಿಗೆ ಬಡಿಯಿತು. ಅವಳು ಮೊಣಕಾಲೂರಿ ಕುಸಿದಳು. ಬಾಯಿ ತೆರೆದಳು, ದನಿ ಬರಲಿಲ್ಲ. ಹೊಡೆದವನು ಅವಳನ್ನು ಎತ್ತಿಕೊಂಡು ಕಾರಿನತ್ತ ಓಡಿದ. ನಾನೇನು ಮಾಡಿದೆ, ನಾನೇನು ಮಾಡಿದೆ ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದ.

ಮೆಕ್ಯಾನಿಕ್ ಅದನ್ನು ಕಂಡ. ಆಗ ಅವನಿಗೆ ಕೋಪ ಬಂತು.

ಯಜಮಾನನ ಕೋಣೆಯ ಬಾಗಿಲನ್ನು ಒದ್ದು ಒಳನುಗ್ಗಿದ. ಪೆಟ್ಟಿಗೆಯಲ್ಲಿ ಉಳಿದಿದ್ದ ಕೆಂಪು ರೆಗ್ಯುಲೇಟರುಗಳನ್ನು ಒಂದೊಂದಾಗಿ ಅವನ ಮೇಜಿನ ಮೇಲೆ ಎಸೆದ. ಗಾಜು ಒಡೆಯಿತು. ಜನ್ಮದಲ್ಲಿ ಆಡದ ಮಾತುಗಳನ್ನು ಆಡಿದ. ಕೊರಳಪಟ್ಟಿ ಹಿಡಿದು ಯಜಮಾನನನ್ನು ಗೋಡೆಗೆ ಒತ್ತಿ, "ಬೇಡ ಅಂತ ಹೇಳಿದ್ದೆನಲ್ಲ" ಎಂದು ಅರಚಿದ. ನಾಲ್ವರು ಬಂದು ಬಿಡಿಸಬೇಕಾಯಿತು.

ಯಜಮಾನ ಗೋಡೆಗೆ ಆತುಕೊಂಡೇ ನಿಂತ. "ನೀನು ಹೇಳಿದ್ದೆ. ನಗುತ್ತಾ ಹೇಳಿದ್ದೆ. ಈಗ ಅರಚಿದ ಹಾಗೆ ಅವತ್ತು ಅರಚಿದ್ದರೆ ನಾನು ಹೆದರಿಕೊಂಡಾದರೂ ಅದನ್ನು ವಾಪಸು ಕಳಿಸುತ್ತಿದ್ದೆ" ಎಂದ.

ಮೆಕ್ಯಾನಿಕ್‌ನ ಕೈ ಕೆಳಗಿಳಿಯಿತು.

ಇಲ್ಲಿ ಗುರುಗಳು ಮಾತು ನಿಲ್ಲಿಸಿ ಶಿಷ್ಯನನ್ನು ದಿಟ್ಟಿಸಿದರು. "ಯಜಮಾನ ಪಾಪಿ. ಅದನ್ನು ತಿಳಿಯಲು ನೀನು ನನ್ನ ಬಳಿಗೆ ಬರಬೇಕಾಗಿಲ್ಲ. ಪೊಲೀಸರು ಅವನನ್ನು ಕರೆದೊಯ್ದರು, ಮೈದಾನಕ್ಕೆ ಬೀಗ ಬಿತ್ತು. ಅವನ ಕತೆ ಅಲ್ಲಿಗೆ ಸಾಕು. ನೀನು ಮೆಕ್ಯಾನಿಕ್‌ನ ಕತೆ ಕೇಳು."

ಮೆಕ್ಯಾನಿಕ್ ಆಸ್ಪತ್ರೆಗೆ ಹೋದ. ಶಿಕ್ಷಕಿಯ ಗಂಟಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಮಾತು ಮರಳಬಹುದು, ಮರಳದೆಯೂ ಇರಬಹುದು ಎಂದಿದ್ದರು ವೈದ್ಯರು. ಅವನು ಕೈಮುಗಿದು ನಿಂತು ತಾನು ಯಾರೆಂದು ಹೇಳಿದ. ಯಜಮಾನನನ್ನು ಬೈದ. ಅವನ ಭಾವನನ್ನೂ ಬೈದ. ಬೈಯುತ್ತಾ ಬೈಯುತ್ತಾ ಅತ್ತ.

ಅವಳು ಕೊನೆಯತನಕ ಕೇಳಿಸಿಕೊಂಡಳು. ಆಮೇಲೆ ದಿಂಬಿನ ಪಕ್ಕದ ಪುಸ್ತಕ ತೆಗೆದು, ದುಂಡಗಿನ ಅಕ್ಷರಗಳಲ್ಲಿ ಬರೆದು ತೋರಿಸಿದಳು: 'ನಿಮಗೆ ಮೊದಲೇ ಗೊತ್ತಿತ್ತೇ?'

ಅವನು ಹೌದೆಂದು ತಲೆಯಾಡಿಸಿದ.

ಅವಳು ಪುಸ್ತಕ ಮುಚ್ಚಿ, ಗೋಡೆಯತ್ತ ಹೊರಳಿ ಮಲಗಿದಳು.

ಗುರುಗಳ ಕತೆ ಮುಗಿಯಿತು. ಶಿಷ್ಯ, "ಗುರುಗಳೇ, ಹಾಗಾದರೆ ಅವನಿಗೆ ಬಂದ ಆ ಕೋಪ ಸರಿಯಾದದ್ದೇ?" ಎಂದು ಕೇಳಿದ.

"ಅದು ಬುಧವಾರವೇ ಬಂದಿದ್ದರೆ, ನಿನಗೆ ಹೇಳುವುದಕ್ಕೆ ನನ್ನ ಬಳಿ ಕತೆಯೇ ಇರುತ್ತಿರಲಿಲ್ಲ."