ಉಯ್ಯಾಲೆಯ ಸರಪಳಿ ಎಲ್ಲಿ ಹೋಯಿತು?

ಪಟ್ಟಣ ಪಂಚಾಯಿತಿಯ ಹಳೆಯ ಡೈರಿಯ ಒಂದು ಪುಟದಲ್ಲಿ ಹೀಗಿದೆ: ೧೯೯೮, ಮಾರ್ಚ್ ೧೨, ಗುರುವಾರ. ಪಾರ್ಕಿನ ಉಯ್ಯಾಲೆಗೆ ಒಂದು ಸರಪಳಿ ಇಲ್ಲ.

ಬರೆದಿರುವುದು ಇಷ್ಟೇ. ಮಿಕ್ಕದ್ದು ಬಾಯಲ್ಲಿ ಹೇಳಬೇಕಾದ್ದು. ಹತ್ತಿರ ಬನ್ನಿ, ಕೂತುಕೊಳ್ಳಿ, ಕೇಳಿ.

ಒಂದೂರು. ಊರಿಗೊಂದು ಪಾರ್ಕು. ಪಾರ್ಕಿಗೊಂದು ಉಯ್ಯಾಲೆ. ಉಯ್ಯಾಲೆಗೊಬ್ಬಳು ಕೆಂಪಿ.

ಕೆಂಪಿಗೆ ಐದು ವರ್ಷ. ಕೆಂಪಿಯ ಅವ್ವ ರೇಷ್ಮೆ ಶೆಡ್ಡಿಗೆ ಹೋಗುತ್ತಾಳೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಾಳೆ. ಕೆಂಪಿ ಏಳುವ ಮೊದಲೇ ಅವ್ವ ಹೋಗುತ್ತಾಳೆ. ಕೆಂಪಿ ಮಲಗಿದ ಮೇಲೆ ಅವ್ವ ಬರುತ್ತಾಳೆ. ಹಗಲೆಲ್ಲ ಮನೆಯಲ್ಲಿ ಅಜ್ಜಿ.

ಅವ್ವನ ಶೆಡ್ಡಿಗೆ ಒಂದು ಹೊಗೆ ಕೊಳವೆ ಇದೆ. ಅವ್ವ ನೂಲು ತೆಗೆಯುವಷ್ಟು ಹೊತ್ತೂ ಅದರಲ್ಲಿ ಹೊಗೆ. ಸಣ್ಣ ಹೊಗೆ, ನೂಲಿನ ಹಾಗೆ. ನೆಲದ ಮೇಲೆ ನಿಂತರೆ ಅದು ಕಾಣುವುದಿಲ್ಲ. ಗೋಡೆ ಅಡ್ಡ. ಮನೆ ಅಡ್ಡ. ನೀರಿನ ಟ್ಯಾಂಕು ಅಡ್ಡ. ಉಯ್ಯಾಲೆ ತೂಗಿ ಮೇಲೆ ಹೋದರೆ ಕಾಣುತ್ತದೆ. ಕೆಳಗೆ ಬಂದರೆ ಕಾಣುವುದಿಲ್ಲ.

ಆ ಗುರುವಾರ ಕೆಂಪಿ ಪಾರ್ಕಿಗೆ ಬಂದಳು. ಗೇಟು ಮುಚ್ಚಿತ್ತು. ಸರಳಿನ ಸಂದಿಯಲ್ಲಿ ಇಣುಕಿದಳು. ಉಯ್ಯಾಲೆ ಒಂದೇ ಸರಪಳಿಯಲ್ಲಿ ನೇತಾಡುತ್ತಿತ್ತು, ಒಂದೇ ಕಿವಿಗೆ ಓಲೆ ಹಾಕಿದ ಹಾಗೆ. ಇನ್ನೊಂದು ಸರಪಳಿ ಎಲ್ಲಿ? ಕೆಂಪಿಯ ಮೂಗಿನ ಮುಂದೆಯೇ ಇತ್ತು. ಗೇಟಿಗೆ ಸುತ್ತಿ ಸುತ್ತಿ ಗಂಟು ಹಾಕಿದ್ದರು.

ಗೇಟಿನ ಹೊರಗೆ ಕಾವಲಿನ ಬಾಷಾ ತಾತ ಕೂತಿದ್ದ.

"ತಾತ, ತಾತ, ಸರಪಳಿ ಕೊಡು. ಸರಪಳಿ ಬಂದರೆ ಉಯ್ಯಾಲೆ ತೂಗುತ್ತೆ. ಉಯ್ಯಾಲೆ ತೂಗಿದರೆ ಅವ್ವನ ಹೊಗೆ ಕಾಣುತ್ತೆ."

"ಹೆಂಗೆ ಕೊಡ್ಲಿ ಮಗಾ? ಗೇಟಿನ ಚಿಲಕ ಮುನೆಕ್ಕ ತಗೊಂಡು ಹೋದ್ಲು. ಸರಪಳಿ ಬಿಚ್ಚಿದ್ರೆ ದನ ನುಗ್ತವೆ. ಚಿಲಕ ಆದ್ರೆ ಕೈಗೆ ತೆರೆಯುತ್ತೆ, ಕೊಂಬಿಗೆ ತೆರೆಯಲ್ಲ. ಈ ಗಂಟು ಯಾರಿಗೂ ತೆರೆಯಲ್ಲ. ನಾನೂ ಹೊರಗೇ ಇದ್ದೀನಿ ನೋಡು."

ಕೆಂಪಿ ತುದಿಗಾಲಲ್ಲಿ ನಿಂತಳು. ಹೊಗೆ ಕಾಣಲಿಲ್ಲ. ಮುಂದೆ ಹೋದಳು.

ಮುನೆಕ್ಕ ಪಾರ್ಕಿನ ಗಿಡ ನೋಡಿಕೊಳ್ಳುವವಳು. ಗೇಟು ತೆರೆಯದು, ಅದಕ್ಕೆ ರಸ್ತೆಯಲ್ಲೇ ನಿಂತು ಗೋಡೆ ಮೇಲಿಂದ ಪೈಪು ಹಿಡಿದು ಗಿಡಕ್ಕೆ ನೀರು ಹಾರಿಸುತ್ತಿದ್ದಳು. ಅರ್ಧ ನೀರು ಗಿಡಕ್ಕೆ, ಅರ್ಧ ನೀರು ಗೋಡೆಗೆ.

"ಅತ್ತೆ, ಅತ್ತೆ, ಚಿಲಕ ಕೊಡು. ಚಿಲಕ ಬಂದರೆ ಸರಪಳಿ ಬರುತ್ತೆ. ಸರಪಳಿ ಬಂದರೆ ಉಯ್ಯಾಲೆ ತೂಗುತ್ತೆ. ಉಯ್ಯಾಲೆ ತೂಗಿದರೆ ಅವ್ವನ ಹೊಗೆ ಕಾಣುತ್ತೆ."

"ಹೆಂಗೆ ಕೊಡ್ಲಿ ತಾಯಿ? ಈ ರಸ್ತೆ ಬದಿ ಗುದ್ದಲಿ ಇಡೋ ಕೋಣೆ ಬಾಗಿಲಿಗೆ ಕೀಲೇ ಇಲ್ಲ. ನೀರುಗಂಟಿ ರಂಗಪ್ಪ ಕಿತ್ಕೊಂಡು ಹೋದ. ಈಗ ಚಿಲಕವೇ ಬಾಗಿಲು ಹಿಡ್ಕೊಂಡಿರೋದು. ತೆಗೆದ್ರೆ ಬಾಗಿಲು ನನ್ನ ತಲೆ ಮೇಲೇ."

ಕೆಂಪಿ ತುದಿಗಾಲಲ್ಲಿ ನಿಂತಳು. ಹೊಗೆ ಕಾಣಲಿಲ್ಲ. ಮುಂದೆ ಹೋದಳು.

ನೀರುಗಂಟಿ ಎಂದರೆ ಬೀದಿ ಬೀದಿಗೆ ನೀರು ಬಿಡುವವನು. ರಂಗಪ್ಪ ಟ್ಯಾಂಕಿನ ಕೆಳಗೆ, ನೀರು ತಿರುಗಿಸುವ ಗುಂಡಿಯ ಪಕ್ಕ ಕೂತು ಬೀಡಿ ಹುಡುಕುತ್ತಿದ್ದ. ಬೀಡಿ ಅವನ ಕಿವಿಯ ಮೇಲೇ ಇತ್ತು.

"ಮಾವ, ಮಾವ, ಕೀಲು ಕೊಡು. ಕೀಲು ಬಂದರೆ ಚಿಲಕ ಬರುತ್ತೆ. ಚಿಲಕ ಬಂದರೆ ಸರಪಳಿ ಬರುತ್ತೆ. ಸರಪಳಿ ಬಂದರೆ ಉಯ್ಯಾಲೆ ತೂಗುತ್ತೆ. ಉಯ್ಯಾಲೆ ತೂಗಿದರೆ ಅವ್ವನ ಹೊಗೆ ಕಾಣುತ್ತೆ."

"ಹೆಂಗೆ ಕೊಡ್ಲಿ ಪುಟ್ಟಿ? ಗುಂಡಿ ಮುಚ್ಚಳದ ಸ್ಕ್ರೂ ಎಲ್ಲಾ ಆಫೀಸಿನ ಜವಾನ ಫಾಲಾಕ್ಷ ಬಿಚ್ಕೊಂಡು ಹೋದ. ಈ ಕೀಲೂ ತೆಗೆದ್ರೆ ಮುಚ್ಚಳ ಜಾರುತ್ತೆ. ಮುಚ್ಚಳ ಜಾರಿದ್ರೆ ಕುರಿಮರಿ ಬೀಳುತ್ತೆ. ನಿನ್ನಂಥ ಮರಿನೂ ಬೀಳುತ್ತೆ."

ಕೆಂಪಿ ತುದಿಗಾಲಲ್ಲಿ ನಿಂತಳು. ಹೊಗೆ ಕಾಣಲಿಲ್ಲ. ಬಿಸಿಲು ಬಾಗುತ್ತಿತ್ತು. ಅವ್ವನ ಒಲೆ ಇನ್ನೂ ಉರಿಯುತ್ತಿದೆಯೋ, ಆರಿತೋ? ಮುಂದೆ ಹೋದಳು.

ಪಟ್ಟಣ ಪಂಚಾಯಿತಿ ಆಫೀಸು ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ಜವಾನ ಫಾಲಾಕ್ಷ ಸ್ಟೂಲಿನ ಮೇಲೆ ಕೂತಿದ್ದ.

"ಅಣ್ಣ, ಅಣ್ಣ, ಸ್ಕ್ರೂ ಕೊಡು. ಸ್ಕ್ರೂ ಬಂದರೆ ಕೀಲು ಬರುತ್ತೆ. ಕೀಲು ಬಂದರೆ ಚಿಲಕ ಬರುತ್ತೆ. ಚಿಲಕ ಬಂದರೆ ಸರಪಳಿ ಬರುತ್ತೆ. ಸರಪಳಿ ಬಂದರೆ ಉಯ್ಯಾಲೆ ತೂಗುತ್ತೆ. ಉಯ್ಯಾಲೆ ತೂಗಿದರೆ ಅವ್ವನ ಹೊಗೆ ಕಾಣುತ್ತೆ."

ಫಾಲಾಕ್ಷ ಬಾಯಿಗೆ ಬೆರಳಿಟ್ಟ. ಮೆಲ್ಲಗೆ ಹೇಳಿದ. "ಹೆಂಗೆ ಕೊಡ್ಲಿ ಕಂದಾ? ಅಧ್ಯಕ್ಷರ ಕುರ್ಚಿ ಅಲ್ಲಾಡ್ತಿತ್ತು. ಅಧ್ಯಕ್ಷರ ಕುರ್ಚಿ ಅಲ್ಲಾಡಬಾರದು. ನಾಲ್ಕು ಕಾಲಿಗೆ ನಾಲ್ಕು ಸ್ಕ್ರೂ ಹಾಕಿದೆ. ಈಗ ಅವರು ಅದರ ಮೇಲೇ ಕೂತವರೆ."

ಕೆಂಪಿ ತುದಿಗಾಲಲ್ಲಿ ನಿಂತಳು. ಹೊಗೆ ಕಾಣಲಿಲ್ಲ. ಕಿಟಕಿ ಇತ್ತು, ಕೆಂಪಿಗೆ ಎಟುಕಲಿಲ್ಲ. ಒಳಗೆ ಹೋದಳು.

ಅಧ್ಯಕ್ಷೆ ಚೆನ್ನಾಜಮ್ಮ ಕುರ್ಚಿ ತುಂಬ ಕೂತಿದ್ದರು.

"ಅಮ್ಮಾ, ಅಮ್ಮಾ, ಎದ್ದೇಳಿ. ನೀವು ಎದ್ದರೆ ಸ್ಕ್ರೂ ಬರುತ್ತೆ. ಸ್ಕ್ರೂ ಬಂದರೆ ಕೀಲು ಬರುತ್ತೆ. ಕೀಲು ಬಂದರೆ ಚಿಲಕ ಬರುತ್ತೆ. ಚಿಲಕ ಬಂದರೆ ಸರಪಳಿ ಬರುತ್ತೆ. ಸರಪಳಿ ಬಂದರೆ ಉಯ್ಯಾಲೆ ತೂಗುತ್ತೆ. ಉಯ್ಯಾಲೆ ತೂಗಿದರೆ ಅವ್ವನ ಹೊಗೆ ಕಾಣುತ್ತೆ."

ಬಾಗಿಲಲ್ಲಿ ಫಾಲಾಕ್ಷ ಕಣ್ಣು ಮುಚ್ಚಿಕೊಂಡ.

ಚೆನ್ನಾಜಮ್ಮ ನಕ್ಕರು. ತಾನು ಎದ್ದರೆ ಇನ್ಯಾರಾದರೂ ಬಂದು ಕೂತುಬಿಡುತ್ತಾರೆ ಎಂದರು. ಆ ಪಾರ್ಕಿಗೆ ಯಾರೂ ಹೋಗುವುದೇ ಇಲ್ಲವಲ್ಲ ಎಂದರು. ಅದರ ಹೆಸರಿಗೆ ವರ್ಷ ವರ್ಷ ಕಂದಾಯದ ದುಡ್ಡು ಬರುತ್ತದೆ, ಜನ ಬರುವುದಿಲ್ಲವೆಂದು ವರ್ಷ ವರ್ಷ ವಾಪಸ್ ಹೋಗುತ್ತದೆ ಎಂದರು. ಆಮೇಲೆ ಕೇಳಿದರು.

"ಹೊಗೆ ನೋಡಿ ಏನ್ ಮಾಡ್ತೀಯೆ?"

"ಹೊಗೆ ಇದ್ದರೆ ಅವ್ವ ಇದ್ದಾಳೆ."

ಚೆನ್ನಾಜಮ್ಮ ನಗು ನಿಲ್ಲಿಸಿದರು. ಕಿಟಕಿ ಕಡೆ ಕತ್ತು ಚಾಚಿದರು.

"ಎಲ್ಲಿ? ನನಗೆ ಕಾಣ್ತಿಲ್ಲವಲ್ಲ."

"ನೀವು ಕೂತಿದ್ದೀರಲ್ಲ," ಎಂದಳು ಕೆಂಪಿ. "ಕೂತರೆ ಕಾಣಲ್ಲ."

ಚೆನ್ನಾಜಮ್ಮ ಎದ್ದರು. ಕಿಟಕಿಗೆ ಹೋದರು. ದೂರದಲ್ಲಿ ಹೊಗೆ ಕಂಡಿತು. ಸಣ್ಣ ಹೊಗೆ, ನೂಲಿನ ಹಾಗೆ. ಹತ್ತಿರದಲ್ಲಿ ಪಾರ್ಕಿನ ಗೇಟು ಕಂಡಿತು. ಗೇಟಿಗೆ ಮುಖ ಒತ್ತಿಕೊಂಡು ಮಕ್ಕಳು ನಿಂತಿದ್ದರು. ಹಿಂದಿನ ಬೀದಿಯವರು, ಮುಂದಿನ ಬೀದಿಯವರು, ತಮ್ಮನನ್ನು ಎತ್ತಿಕೊಂಡವರು. ಚೆನ್ನಾಜಮ್ಮ ನೋಡುತ್ತಲೇ ನಿಂತರು.

"ಜನ ಬರಲ್ಲ ಅಂತ ಯಾರು ಬರೆದರು ಫಾಲಾಕ್ಷ?"

"ನೀವೇ ಹೇಳಿ ಬರೆಸಿದ್ರಿ ಅಮ್ಮಾ."

ಚೆನ್ನಾಜಮ್ಮ ಕಿಟಕಿಯಿಂದ ತಿರುಗಿದರು. ಕುರ್ಚಿ ಖಾಲಿ ಇತ್ತು. ಫಾಲಾಕ್ಷ ಕುರ್ಚಿ ನೋಡಿದ, ಅಮ್ಮನನ್ನು ನೋಡಿದ. ಅಮ್ಮ ತಲೆ ಆಡಿಸಿದರು. ಫಾಲಾಕ್ಷ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

ಅಮ್ಮ ಎದ್ದರು, ಸ್ಕ್ರೂ ಬಂತು. ಸ್ಕ್ರೂ ಬಂತು, ರಂಗಪ್ಪ ಮುಚ್ಚಳ ಬಿಗಿ ಮಾಡಿದ, ಕೀಲು ಬಂತು. ಕೀಲು ಬಂತು, ಮುನೆಕ್ಕ ಬಾಗಿಲು ನೆಟ್ಟಗೆ ಮಾಡಿದಳು, ಚಿಲಕ ಬಂತು. ಚಿಲಕ ಬಂತು, ಬಾಷಾ ತಾತ ಗೇಟಿಗೆ ಹಾಕಿದ. ಸರಪಳಿಯ ಗಂಟಿಗೆ ಕೈ ಹಾಕಿದ. ಗಂಟು ಬಿಚ್ಚಲಿಲ್ಲ. ತುಕ್ಕು ಹಿಡಿದಿತ್ತು.

ಎಲ್ಲರೂ ನಿಂತರು. ಕೆಂಪಿಯೂ ನಿಂತಳು. ಬಿಸಿಲು ಗೋಡೆ ಹತ್ತಿತ್ತು.

ಮುನೆಕ್ಕ ಕೋಣೆಗೆ ಓಡಿದಳು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಗಂಟಿನ ಮೇಲೆ ಹೊಯ್ದಳು. ಬಾಷಾ ತಾತ ಎಳೆದ, ರಂಗಪ್ಪ ಎಳೆದ, ಫಾಲಾಕ್ಷ ಎಳೆದ. ಗಂಟು ಬಿಚ್ಚಿತು. ಸರಪಳಿ ಬಂತು. ಸರಪಳಿ ಬಂತು, ಉಯ್ಯಾಲೆ ತೂಗಿತು.

ಕೆಂಪಿ ಹಲಗೆಯ ಮೇಲೆ ಕೂತಳು. ಮೇಲೆ ಹೋದಳು. ಟ್ಯಾಂಕು ಕಂಡಿತು. ಇನ್ನೂ ಮೇಲೆ ಹೋದಳು. ಮನೆಗಳ ಮಾಡು ಕಂಡಿತು. ಇನ್ನೂ ಮೇಲೆ ಹೋದಳು.

ಹೊಗೆ ಇತ್ತು. ಅವ್ವ ಇದ್ದಳು.

ಕೆಳಗೆ ಬಂದಳು. ಕಾಣಲಿಲ್ಲ. ಮೇಲೆ ಹೋದಳು. ಕಂಡಿತು. ಕತ್ತಲಲ್ಲಿ ಹೊಗೆ ಕರಗುವವರೆಗೂ ಕೆಂಪಿ ಹಾಗೇ ತೂಗಿದಳು. ಮೇಲೆ ಹೋದರೆ ಅವ್ವ. ಕೆಳಗೆ ಬಂದರೆ ಅವ್ವ ಇಲ್ಲ. ಮೇಲೆ ಹೋದರೆ ಅವ್ವ.

ಮುಂದಿನ ವಾರ ಪಂಚಾಯಿತಿ ಸಭೆ ನಡೆಯಿತು. ಅಧ್ಯಕ್ಷರಿಗೆ ಕುರ್ಚಿ ಇರಲಿಲ್ಲ, ಅದಕ್ಕೆ ಎಲ್ಲರೂ ಜಮಖಾನದ ಮೇಲೆ ಕೂತರು. ಪಾರ್ಕಿನ ದುಡ್ಡು ಆ ವರ್ಷ ವಾಪಸ್ ಹೋಗಲಿಲ್ಲ. ಖರ್ಚಿನ ಲೆಕ್ಕ ಡೈರಿಯ ಇನ್ನೊಂದು ಪುಟದಲ್ಲಿದೆ:

ಹಿಂದಿನ ಬೀದಿ ಕಡೆಗೆ, ತಮ್ಮನನ್ನು ಎತ್ತಿಕೊಂಡವರಿಗೂ ಆಗುವಂತೆ ಮೆಟ್ಟಿಲಿಲ್ಲದ ಹೊಸ ಗೇಟು, ಚಿಲಕ ಸಹಿತ: ೪,೨೦೦ ರೂಪಾಯಿ.
ಇನ್ನೆರಡು ಉಯ್ಯಾಲೆ, ಸರಪಳಿ ಸಹಿತ: ೨,೬೦೦ ರೂಪಾಯಿ.
ಅಧ್ಯಕ್ಷರ ಕುರ್ಚಿಗೆ ಹೊಸ ಸ್ಕ್ರೂ, ನಾಲ್ಕು: ೬ ರೂಪಾಯಿ.
ಒಟ್ಟು ೬,೮೦೬ ರೂಪಾಯಿ. ಊರವರು ಕಟ್ಟಿದ ಕಂದಾಯದ ದುಡ್ಡು.
ಕೊಬ್ಬರಿ ಎಣ್ಣೆ: ಮುನೆಕ್ಕ ದುಡ್ಡು ತೆಗೆದುಕೊಳ್ಳಲಿಲ್ಲ.