ಕೂರ್ಮ ಪಂಡಿತರು ಸೀನಿದ ಪಾಠ

ಕಾಗೆಗುಡ್ಡದ ದೊರೆ ಕೆಂಚನಾಯಕರ ಆಸ್ಥಾನಕ್ಕೆ ಕೂರ್ಮ ಪಂಡಿತರು ಶಿಷ್ಯರ ದಂಡು ಕಟ್ಟಿಕೊಂಡು ಬಂದರು. ಬಂದವರೇ ಶಲ್ಯ ಕೊಡವಿ ಹೇಳಿದರು: "ಪ್ರಭು, ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಒಬ್ಬ ಶಿಷ್ಯನೂ ಒಂದೇ ಒಂದು ಪ್ರಶ್ನೆ ಕೇಳಿಲ್ಲ. ನನ್ನ ಬಾಯಿಂದ ಬಂದದ್ದನ್ನು ಬಂದ ಹಾಗೇ ಒಪ್ಪಿಸುತ್ತಾರೆ!"

ದೊರೆಗೆ ಇದಕ್ಕಿಂತ ಹಿತವಾದ ಸುದ್ದಿ ಬೇಕೆ? ಪ್ರಶ್ನೆ ಕೇಳದ ಪ್ರಜೆಗಳು ಯಾವ ದೊರೆಗೆ ಬೇಡ! ಅವರು ಮಂತ್ರಿ ಬೊಮ್ಮರಸನ ಕಡೆ ತಿರುಗಿದರು. ಅರಮನೆಯ ಪಾಠಶಾಲೆ ಬೊಮ್ಮರಸನದು. ಅಲ್ಲಿ ಅವನು ಒಂದು ಮಾತು ಹೇಳಿದರೆ ಶಿಷ್ಯರು ನಾಲ್ಕು ಆಡುತ್ತಿದ್ದರು. ವಾದದ ಗದ್ದಲ ದರ್ಬಾರಿನವರೆಗೂ ಕೇಳುತ್ತಿತ್ತು.

"ಕೇಳಿದೆಯಾ ಬೊಮ್ಮರಸ? ನಿನ್ನದು ಪಾಠಶಾಲೆಯೋ ಸಂತೆಯೋ? ನಾಳೆಯಿಂದ ಅದಕ್ಕೆ ಬೀಗ. ಶಿಷ್ಯರೆಲ್ಲ ಪಂಡಿತರ ಪಾಲಿಗೆ."

ಆ ಗದ್ದಲವೆಂದರೆ ಬೊಮ್ಮರಸನಿಗೆ ಪ್ರಾಣ. ಆದರೂ ನಗುತ್ತಲೇ ಕೈಮುಗಿದ. "ಆಗಲಿ ಪ್ರಭು. ಬೀಗ ಹಾಕುವ ಮುಂಚೆ ಪಂಡಿತರ ಪಾಠವನ್ನೊಮ್ಮೆ ಕಣ್ಣಾರೆ ಕಾಣುವ ಭಾಗ್ಯ ಕರುಣಿಸಿ. ಪಂಡಿತರೇ, ದಾರಿ ನಡೆದು ದಣಿದಿದ್ದೀರಿ. ಒಂದು ಚಿಟಿಕೆ ನಶ್ಯ?"

ಪುಕ್ಕಟೆ ನಶ್ಯಕ್ಕೆ ಪಂಡಿತರು ಬೇಡವೆಂದವರಲ್ಲ. ಎರಡೂ ಹೊಳ್ಳೆಗೆ ಧಾರಾಳವಾಗಿ ಏರಿಸಿ ಶುರುಮಾಡಿದರು. "ರಾಜನಾದವನು ಪ್ರಜೆಗಳನ್ನು... ಆ... ಆಕ್ಷೀ!"

"ರಾಜನಾದವನು ಪ್ರಜೆಗಳನ್ನು... ಆ... ಆಕ್ಷೀ!" ಎಂದರು ಶಿಷ್ಯರು ಒಕ್ಕೊರಲಿನಿಂದ, ಮೂಗನ್ನೂ ಒರೆಸಿಕೊಂಡು.

"ಅಯ್ಯೋ, ಅದು ಪಾಠವಲ್ಲರೋ ಮುಠ್ಠಾಳರಾ!"

"ಅಯ್ಯೋ, ಅದು ಪಾಠವಲ್ಲರೋ ಮುಠ್ಠಾಳರಾ!"

"ಬಾಯಿ ಮುಚ್ಚಿ!"

"ಬಾಯಿ ಮುಚ್ಚಿ!" ಎಂದು ಶಿಷ್ಯರು ಸಿಂಹಾಸನದತ್ತಲೇ ಮುಖಮಾಡಿ ಕೂಗಿದರು.

ದೊರೆಯ ಮುಖ ಕೆಂಪಾಯಿತು. "ಇದೇನಯ್ಯ ಇದು?"

"ತಪ್ಪು ಶಿಷ್ಯರದಲ್ಲ ಪ್ರಭು," ಎಂದ ಬೊಮ್ಮರಸ. "ಯಾವುದು ಪಾಠ, ಯಾವುದು ಸೀನು ಎಂದು ತಿಳಿಯಬೇಕಾದರೆ ಕೇಳಬೇಕು. ಕೇಳಿಬಿಟ್ಟರೆ ಪಂಡಿತರ ಹನ್ನೆರಡು ವರ್ಷದ ಕೀರ್ತಿಯ ಗತಿಯೇನು? ನನ್ನ ಶಿಷ್ಯರಾಗಿದ್ದರೆ ಮೊದಲ ಸೀನಿಗೇ 'ಗುರುಗಳೇ, ಇದಕ್ಕೆ ಆಧಾರವೇನು?' ಎಂದು ತಡೆಯುತ್ತಿದ್ದರು. ಅವರ ಕೈಲಿ ಸೋತು, ಮನೆಗೆ ಹೋಗಿ ಮತ್ತೆ ಓದಿಕೊಂಡು ಬಂದ ದಿನಗಳು ನನಗೆ ಬೇಕಾದಷ್ಟಿವೆ. ನಾನು ಕಲಿತದ್ದೂ ಹಾಗೇ."

ದೊರೆ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೀಗ ಬೇಡ! ಇಂದಿನಿಂದ ನಾಡಿನ ಪ್ರತಿ ಪಾಠಶಾಲೆಯಲ್ಲೂ ಪ್ರಶ್ನೆ, ಚರ್ಚೆ ನಡೆಯಲೇಬೇಕು. ಇದು ನಮ್ಮ ಆಜ್ಞೆ. ಇದಕ್ಕೆ ಯಾರೂ ಎದುರಾಡಕೂಡದು!"

ಬೊಮ್ಮರಸ ವಿನಯದಿಂದ ತಲೆಬಾಗಿ ಕೇಳಿದ: "ಯಾಕೆ ಪ್ರಭು?"